ಪದಪುಂಜ, ಉಪವಾಕ್ಯ: ನಮ್ಮ ಇಂಗ್ಲಿಷ್ ತರಗತಿಯ ಒಂದು ಹಳೆಯ ತೊಡಕು

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಕಟ್ಟಡದ ಇತಿಹಾಸವನ್ನೂ ಆಡಳಿತ ಮಂಡಳಿಯ ಇತಿಹಾಸವನ್ನೂ ಬರೆಯುವವರು ಬೇರೆ ಇದ್ದಾರೆ. ನಾವು ಇಲ್ಲಿ ಬರೆಯಹೊರಟಿರುವುದು ಕರಿಹಲಗೆಯ ಮೇಲಿನ ಒಂದು ಸಣ್ಣ ಪಾಠದ ಇತಿಹಾಸ. ಮೈಂದರ್ಗಿಯ ಈ ಕನ್ನಡ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ಇಂಗ್ಲಿಷ್ ವ್ಯಾಕರಣದಲ್ಲಿ ತಮ್ಮನ್ನು ಬಹಳ ಕಾಡಿದ ಪಾಠಗಳಲ್ಲಿ ಒಂದೆಂದು ಅವರು ಇದನ್ನು ಹೆಸರಿಸುತ್ತಾರೆ: ಫ್ರೇಸ್ ಯಾವುದು, ಕ್ಲಾಸ್ ಯಾವುದು? ಒಂದು ಪದಪುಂಜ, ಇನ್ನೊಂದು ಉಪವಾಕ್ಯ. ಹೆಸರು ಹೇಳುವುದು ಸುಲಭ, ಗುರುತಿಸುವುದು ಕಠಿಣ.

ತೊಡಕು ಹೆಸರಿನಿಂದಲೇ ಆರಂಭವಾಗುತ್ತದೆ. ನಮ್ಮ ಕಡೆಯ ಉಚ್ಚಾರಣೆಯಲ್ಲಿ ಉಪವಾಕ್ಯಕ್ಕೂ ಕ್ಲಾಸು, ತರಗತಿಗೂ ಕ್ಲಾಸು. "ಬಾಯಾರ, ನಮ್ಮದು ಮೇನ್ ಕ್ಲಾಸೋ, ಸಬಾರ್ಡಿನೇಟ್ ಕ್ಲಾಸೋ?" ಎಂದು ಬ ವಿಭಾಗದ ಹುಡುಗನೊಬ್ಬ ಕೇಳಿದಾಗ ಇಡೀ ತರಗತಿ ನಕ್ಕಿತ್ತು. ನಾವೂ ನಕ್ಕೆವು. ಆದರೆ ಆ ಪ್ರಶ್ನೆಯಲ್ಲಿ ತಮಾಷೆಗಿಂತ ಹೆಚ್ಚಿನದೇನೋ ಇತ್ತೆಂದು ಅನಂತರ ಅನ್ನಿಸಿತು. ಅ ವಿಭಾಗದ ಮಕ್ಕಳಿಗಿಂತ ತಾವು ಅಧೀನರು ಎಂಬುದನ್ನು ಆ ಮಗು ಎಲ್ಲಿಂದಲೋ ಅರಿತಿತ್ತು.

ಈ ಭೇದ ಇಂಗ್ಲಿಷಿನಲ್ಲಿಯೇ ಬಹಳ ಹಳೆಯದಲ್ಲ ಎಂಬ ಸಂಗತಿ ನಮಗೆ ತಡವಾಗಿ ತಿಳಿಯಿತು. ಫ್ರೇಸ್ ಎಂಬ ಶಬ್ದ ಗ್ರೀಕಿನದು, ಮಾತಿನ ರೀತಿ ಎಂಬುದು ಅದರ ಮೂಲಾರ್ಥ. ಕ್ಲಾಸ್ ಎಂಬುದು ಲ್ಯಾಟಿನ್ನಿನ ಮುಚ್ಚು ಎಂಬ ಧಾತುವಿನಿಂದ ಬಂದದ್ದು. ಮಾತು ಮುಗಿದು ಬಾಗಿಲು ಹಾಕಿಕೊಳ್ಳುವ ಜಾಗ ಎಂದು ತಿಳಿಯಬಹುದು. 1795ರಲ್ಲಿ ಲಿಂಡ್ಲೆ ಮರೆ ಪ್ರಕಟಿಸಿದ ವ್ಯಾಕರಣ ಇಂಗ್ಲೆಂಡ್ ಮತ್ತು ಅಮೆರಿಕಗಳ ಶಾಲೆಗಳನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಆಳಿತು. ಆತನ ಪ್ರಕಾರ ಸರಿಯಾಗಿ ಕೂಡಿಸಿದ ಎರಡು ಅಥವಾ ಹೆಚ್ಚು ಪದಗಳೇ ಫ್ರೇಸ್; ಅದು ವಾಕ್ಯದ ಭಾಗವಾಗಿರಬಹುದು, ಕೆಲವೊಮ್ಮೆ ಇಡೀ ವಾಕ್ಯವೇ ಆಗಿರಬಹುದು! ಇಂದು ನಮ್ಮ ಮಕ್ಕಳು ಉತ್ತರಪತ್ರಿಕೆಯಲ್ಲಿ ಹಾಗೆ ಬರೆದರೆ ಸೊನ್ನೆ ಬೀಳುತ್ತದೆ.

ಇಂದು ನಾವು ಕಲಿಸುವ ಗೆರೆಯನ್ನು ಎಳೆದವರಲ್ಲಿ ಮುಖ್ಯನಾದವನು ಕಾರ್ಲ್ ಫರ್ಡಿನಾಂಡ್ ಬೆಕರ್ ಎಂಬ ಜರ್ಮನ್ ಪಂಡಿತ. ವೃತ್ತಿಯಿಂದ ವೈದ್ಯನಾಗಿದ್ದ ಈತ ಅನಂತರ ವ್ಯಾಕರಣಕ್ಕೆ ತಿರುಗಿ, ದೇಹವನ್ನು ಸೀಳಿ ಅಂಗಾಂಗ ನೋಡುವಂತೆ ವಾಕ್ಯವನ್ನು ಬಿಡಿಸಿ ಅದರ ಅಂಗಗಳನ್ನು ತೋರಿಸಿದ. ಆತನ ವಿಧಾನವನ್ನು 1852ರಲ್ಲಿ ಜೆ. ಡಿ. ಮೊರೆಲ್ ತನ್ನ ವಾಕ್ಯ ವಿಶ್ಲೇಷಣೆಯ ಪುಸ್ತಕದ ಮೂಲಕ ಇಂಗ್ಲಿಷ್ ಶಾಲೆಗಳಿಗೆ ತಂದ. ಕರ್ತೃವೂ ಕ್ರಿಯಾಪದವೂ ಇದ್ದು ದೊಡ್ಡ ವಾಕ್ಯದೊಳಗೆ ಅಡಗಿದ್ದರೆ ಅದು ಕ್ಲಾಸ್, ಅವು ಇಲ್ಲದಿದ್ದರೆ ಫ್ರೇಸ್ ಎಂಬ ನಿಯಮ ಶಾಲೆಗಳಲ್ಲಿ ಬೇರೂರಿದ್ದು ಆ ಬಳಿಕ. ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಮೆಟ್ರಿಕ್ಯುಲೇಶನ್ ಎಂಬ ಹೆಬ್ಬಾಗಿಲು ನಮ್ಮ ಪ್ರಾಂತದ ಮಕ್ಕಳ ಮುಂದೆ ನಿಂತ ಕಾಲಕ್ಕೂ ಈ ವಾಕ್ಯ ಬಿಡಿಸುವ ವಿದ್ಯೆ ಇಂಗ್ಲಿಷ್ ಶಾಲೆಗಳಲ್ಲಿ ಹರಡಿದ ಕಾಲಕ್ಕೂ ಬಹಳ ಅಂತರವಿಲ್ಲ.

ಭಾರತದ ಶಾಲೆಗಳಿಗೆ ಅದನ್ನು ಪಾಠಮಾಲೆಯ ರೂಪದಲ್ಲಿ ಉಣಿಸಿದವರು ಇಬ್ಬರು. ಮೊದಲನೆಯವನು ವಾಯವ್ಯ ಪ್ರಾಂತದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಜೆ. ಸಿ. ನೆಸ್‌ಫೀಲ್ಡ್, ಆತನ ವ್ಯಾಕರಣ ಮಾಲಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಂತು. ಎರಡನೆಯವನು ಪಿ. ಸಿ. ರೆನ್. ರೆನ್ ಮತ್ತು ಮಾರ್ಟಿನ್ ಎಂದರೆ ನಮ್ಮ ಹಳೆಯ ವಿದ್ಯಾರ್ಥಿಗಳು ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಈ ರೆನ್ ಮಹಾಶಯ ನಮ್ಮದೇ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ದುಡಿದವನು. ಆಗ ಇದೇ ಪ್ರಾಂತಕ್ಕೆ ಸೇರಿದ್ದ ಕರಾಚಿಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದವನು. ಲೋಕಕ್ಕೆ ಆತ ಪರಿಚಿತನಾದದ್ದು ಫ್ರೆಂಚ್ ಸೈನಿಕ ದಳದ ಸಾಹಸವನ್ನು ಹೇಳುವ, 1924ರಲ್ಲಿ ಬಂದ 'ಬೋ ಜೆಸ್ಟ್' ಎಂಬ ಕಾದಂಬರಿಯಿಂದ. ಮರುಭೂಮಿಯ ಕೋಟೆ ಕಾಯುವ ವೀರರ ಕಥೆ ಬರೆದ ಲೇಖನಿಯೇ ನಮ್ಮ ಮಕ್ಕಳ ನಾಮವಿಶೇಷಣ ಉಪವಾಕ್ಯಗಳನ್ನೂ ಬರೆಯಿತೆಂದರೆ ನಂಬುವುದು ಕಷ್ಟ. ನಮ್ಮ ಶಿಕ್ಷಕರ ಕೊಠಡಿಯ ಕಪಾಟಿನಲ್ಲಿ ಆ ಪುಸ್ತಕದ ರಟ್ಟು ಹರಿದ ಪ್ರತಿಯೊಂದು ಇಂದಿಗೂ ಇದೆ. ಅಂಚುಗಳಲ್ಲಿ ಬೇರೆ ಬೇರೆ ಕೈಬರಹಗಳಲ್ಲಿ ಕನ್ನಡ ಅರ್ಥಗಳಿವೆ.

ಆ ಅಂಚಿನ ಬರಹಗಳೇ ನಮ್ಮ ಶಾಲೆಯ ನಿಜವಾದ ವ್ಯಾಕರಣ. ಫ್ರೇಸ್ ಎಂಬುದಕ್ಕೆ ಒಬ್ಬರು ಪದಪುಂಜ ಎಂದಿದ್ದಾರೆ, ಇನ್ನೊಬ್ಬರು ವಾಕ್ಯಾಂಶ ಎಂದಿದ್ದಾರೆ, ಮತ್ತೊಬ್ಬರು ಪದಸಮೂಹ ಎಂದು ಬರೆದು ಹೊಡೆದುಹಾಕಿದ್ದಾರೆ. ಕನ್ನಡದಲ್ಲಿ ಇದಕ್ಕೆ ನಿಲುಕುವ ಹಳೆಯ ಪರಿಭಾಷೆ ಸುಲಭವಾಗಿ ಸಿಗದಿರಲು ಕಾರಣವಿದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ತೆರೆದು ನೋಡಿ. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಿವೆ. ವಾಕ್ಯಕ್ಕೆಂದೇ ಒಂದು ಪ್ರಕರಣವಿಲ್ಲ. ನಮ್ಮ ಪೂರ್ವಿಕರಿಗೆ ಪದವನ್ನು ಸಾಧಿಸುವುದೇ ವ್ಯಾಕರಣವಾಗಿತ್ತು. ಪದ ಸರಿಯಿದ್ದರೆ ವಾಕ್ಯ ತಾನಾಗಿ ನಿಲ್ಲುತ್ತದೆಂಬ ಭರವಸೆ ಅವರಿಗಿತ್ತು. ಸಂಸ್ಕೃತದಲ್ಲಿ ಕಾತ್ಯಾಯನನು ಒಂದು ಕ್ರಿಯಾಪದವುಳ್ಳದ್ದು ವಾಕ್ಯವೆಂದು ವಾರ್ತಿಕದಲ್ಲಿ ಹೇಳಿದ್ದುಂಟು. ಆದರೆ ವಾಕ್ಯದೊಳಗಿನ ವಾಕ್ಯ ಎಂಬ ವಿಚಾರ ಕನ್ನಡ ಶಾಲೆಯ ವ್ಯಾಕರಣಕ್ಕೆ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳೆಂಬ ಹೆಸರಿನಲ್ಲಿ ಇಂಗ್ಲಿಷಿನ ದಾರಿಯಿಂದಲೇ ಬಂತು. ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದ ಕಿಟೆಲ್, 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ದೊಡ್ಡ ಕನ್ನಡ ವ್ಯಾಕರಣವನ್ನು ಬರೆದದ್ದು ಇಂಗ್ಲಿಷಿನಲ್ಲಿ.

ಮರಾಠಿಯಲ್ಲಿ ಈ ಬೆಸುಗೆ ಇನ್ನೂ ಮುಂಚೆಯೇ ಆಯಿತು. ದಾದೋಬಾ ಪಾಂಡುರಂಗ ತರ್ಖಡಕರರ ಮರಾಠಿ ವ್ಯಾಕರಣ 1836ರಲ್ಲಿ ಬಂದಾಗ ಲಿಂಡ್ಲೆ ಮರೆಯ ಪುಸ್ತಕವೇ ಅವರಿಗೆ ಮಾದರಿಯಾಗಿತ್ತು. ಅಲ್ಲಿ ಕೇವಲ ವಾಕ್ಯ, ಮಿಶ್ರ ವಾಕ್ಯ, ಪ್ರಧಾನ ವಾಕ್ಯ, ಗೌಣ ವಾಕ್ಯ ಎಂಬ ಹೆಸರುಗಳು ಕಾಲಕ್ರಮದಲ್ಲಿ ನೆಲೆಗೊಂಡವು. ಸೊಲ್ಲಾಪುರ ಜಿಲ್ಲೆಯ ಕನ್ನಡ ಮಗು ಮೂರು ವ್ಯಾಕರಣಗಳ ನಡುವೆ ಬೆಳೆಯುತ್ತದೆ. ಹಿಂದಿಯನ್ನು ಎಣಿಸಿದರೆ ನಾಲ್ಕು. ಇದನ್ನು ನಾವು ಬಹಳ ಕಾಲ ಹೊರೆಯೆಂದೇ ಭಾವಿಸಿದ್ದೆವು.

ಈಗ ತೊಡಕಿನ ಒಳಗೆ ಇಳಿಯೋಣ. ಇಂಗ್ಲಿಷಿನಲ್ಲಿ 'ಆಫ್ಟರ್ ದ ಫೇರ್' ಎಂದರೆ ಫ್ರೇಸ್. 'ಆಫ್ಟರ್ ದ ಫೇರ್ ಎಂಡೆಡ್' ಎಂದರೆ ಕ್ಲಾಸ್. ಕನ್ನಡದಲ್ಲಿ ಹೇಳಿ ನೋಡಿ: ಜಾತ್ರೆಯ ನಂತರ, ಜಾತ್ರೆ ಮುಗಿದ ನಂತರ. ಎರಡರ ತುದಿಯಲ್ಲೂ ಅದೇ ನಂತರ. ಎರಡನೆಯದರಲ್ಲಿ ಜಾತ್ರೆ ಎಂಬ ಕರ್ತೃವಿದೆ, ಮುಗಿಯುವ ಕ್ರಿಯೆಯಿದೆ, ಆದರೆ ಮುಗಿಯಿತು ಎಂಬ ಪೂರ್ಣಕ್ರಿಯಾಪದವಿಲ್ಲ. ನಮ್ಮ ಭಾಷೆ ಸಾಮಾನ್ಯವಾಗಿ ಒಂದು ವಾಕ್ಯಕ್ಕೆ ಒಂದೇ ಪೂರ್ಣಕ್ರಿಯಾಪದವನ್ನು ಇಟ್ಟುಕೊಂಡು, ಉಳಿದ ಕ್ರಿಯೆಗಳನ್ನೆಲ್ಲ ಕೃದಂತಗಳಲ್ಲಿ ಮಡಿಚಿ ಇಡುತ್ತದೆ. 'ನಸುಕಿನಲ್ಲಿ ಎದ್ದು, ದನ ಕಟ್ಟಿ, ರೊಟ್ಟಿ ಬಡಿದು, ಹೊಲಕ್ಕೆ ಹೋದ ಅವ್ವ ಸಂಜೆಯಾದರೂ ಬರಲಿಲ್ಲ' ಎಂಬಲ್ಲಿ ಕ್ರಿಯೆಗಳು ಆರು, ಬಾಗಿಲು ಹಾಕುವ ಕ್ರಿಯಾಪದ ಒಂದೇ. ಇದನ್ನೇ ಇಂಗ್ಲಿಷಿಗೆ ತರುವಾಗ 'ಹೂ', 'ವೆನ್', 'ದೋ' ಎಂಬ ಕೊಂಡಿಗಳನ್ನು ಹಾಕಿ, ಮಡಿಚಿಟ್ಟ ಕ್ರಿಯೆಗಳಲ್ಲಿ ಹಲವನ್ನು ಬಿಚ್ಚಿ, ಅವುಗಳಿಗೆ ಕಾಲವನ್ನೂ ಕರ್ತೃವನ್ನೂ ತೊಡಿಸಬೇಕಾಗುತ್ತದೆ. 'ಬಂದ ಹುಡುಗ' ಎಂಬ ಎರಡು ಪದಗಳು 'ದ ಬಾಯ್ ಹೂ ಕೇಮ್' ಆಗುತ್ತವೆ. ಕನ್ನಡದ ಕಿವಿಗೆ ಎರಡು ಪದಗಳ ಗೊಂಚಲು. ಇಂಗ್ಲಿಷಿಗೆ ಅದರೊಳಗೆ ಒಂದು ಉಪವಾಕ್ಯ.

ಇಷ್ಟನ್ನು ಹೇಳದೆ ನಾವು ಮಕ್ಕಳಿಗೆ ಏನು ಕಲಿಸಿದೆವು? ಚಿಕ್ಕದಿದ್ದರೆ ಫ್ರೇಸ್, ಉದ್ದವಿದ್ದರೆ ಕ್ಲಾಸ್ ಎಂದು ಕಲಿಸಿದೆವು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನೂರು ವರ್ಷದ ಲೆಕ್ಕ ಒಪ್ಪಿಸುವಾಗ ಖರ್ಚಿನ ಪುಟವನ್ನು ಹರಿದು ಹಾಕುವುದು ಸಲ್ಲದು. ಪರೀಕ್ಷೆಯ ಹಿಂದಿನ ವಾರ, ಸಮಯವಿಲ್ಲದಾಗ, ಈ ಅಡ್ಡದಾರಿ ಹತ್ತರಲ್ಲಿ ಆರೇಳು ಸಲ ಗುರಿ ಮುಟ್ಟಿಸುತ್ತಿತ್ತು. ಉಳಿದ ಮೂರು ನಾಲ್ಕು ಸಲ ಮುಗ್ಗರಿಸಿದ ಮಕ್ಕಳು ತಮ್ಮ ಬುದ್ಧಿಯನ್ನು ಅನುಮಾನಿಸಿದರೇ ಹೊರತು ನಮ್ಮ ನಿಯಮವನ್ನಲ್ಲ. 'ಇಫ್ ಹೀ ಕಮ್ಸ್' ಎಂಬುದು ಮೂರೇ ಪದ, ಆದರೂ ಕ್ಲಾಸ್. 'ಇನ್ ದ ಓಲ್ಡ್ ಸ್ಟೋನ್ ಹೌಸ್ ಬಿಹೈಂಡ್ ದ ಟೆಂಪಲ್' ಎಂಬುದು ಎಂಟು ಪದ, ಆದರೂ ಫ್ರೇಸ್.

ಇನ್ನೊಂದು ನಿಯಮ ಕ್ರಿಯಾಪದವಿದ್ದರೆ ಕ್ಲಾಸ್ ಎಂಬುದು. ಇದೂ ನಮ್ಮ ಮಕ್ಕಳನ್ನು ನಡುನೀರಿನಲ್ಲಿ ಬಿಡುತ್ತದೆ. ಕನ್ನಡದಲ್ಲಿ 'ಇವನು ನನ್ನ ತಮ್ಮ' ಎಂಬುದು ಕ್ರಿಯಾಪದವಿಲ್ಲದ ಪರಿಪೂರ್ಣ ವಾಕ್ಯ. ಹಾಗೆಯೇ 'ಹೀ ಮೈ ಬ್ರದರ್' ಎಂದು ಬರೆದ ಮಗು ಅಜ್ಞಾನಿಯಲ್ಲ. ಅದು ತನ್ನ ತಾಯ್ನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ.

ಇಲ್ಲಿ ಗಡಿಯ ನೆಲದ ಒಂದು ವಿಶೇಷವನ್ನು ಹೇಳಲೇಬೇಕು. ನಮ್ಮ ಪಕ್ಕದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರು ನಡೆಸಿದ ಅಧ್ಯಯನ 1971ರಲ್ಲಿ ಪ್ರಕಟವಾಗಿ ಭಾಷಾಶಾಸ್ತ್ರದಲ್ಲಿ ಜಗತ್ಪ್ರಸಿದ್ಧವಾಯಿತು. ಒಂದೇ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುವ ಜನ ತಲೆಮಾರುಗಳಿಂದ ಕೂಡಿ ಬಾಳಿ, ಶಬ್ದಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡು ವಾಕ್ಯದ ಕಟ್ಟನ್ನು ಮಾತ್ರ ಒಂದಾಗಿಸಿಕೊಂಡಿದ್ದಾರೆ ಎಂದು ಅವರು ತೋರಿಸಿದರು. ಅಲ್ಲಿಯ ಕನ್ನಡದಲ್ಲಿ 'ಇದು ನಿಮ್ಮ ಮನೆ' ಎಂದು ನಿಲ್ಲಿಸದೆ ಕೊನೆಗೆ 'ಐತಿ' ಸೇರಿಸುತ್ತಾರೆ, ಮರಾಠಿಯ 'ಆಹೆ'ಯಂತೆ. ನಮ್ಮ ಮಕ್ಕಳ ಬಾಯಲ್ಲೂ 'ಇದು ನಮ್ಮ ಮನಿ ಅದ' ಎಂಬ ಮಾತು ಕೇಳುತ್ತದೆ. ಶುದ್ಧ ಕನ್ನಡವಲ್ಲವೆಂದು ನಾವು ತಿದ್ದುತ್ತಿದ್ದ ಆ 'ಅದ' ಇಂಗ್ಲಿಷಿನ 'ಈಸ್' ಎಂಬುದನ್ನು ಕಲಿಸಲು ಸಿದ್ಧವಾಗಿ ಕೈಗೆ ಸಿಕ್ಕಿದ ಮೆಟ್ಟಿಲು ಎಂಬುದು ನಮಗೆ ಹೊಳೆಯಲು ಹಲವು ವರ್ಷ ಬೇಕಾಯಿತು.

ಉಪವಾಕ್ಯಕ್ಕೂ ಮರಾಠಿಯೇ ಮೆಟ್ಟಿಲು. ಮರಾಠಿಯಲ್ಲಿ ನಮ್ಮಂತೆ ಕೃದಂತಗಳೂ ಇವೆ, ಜೊತೆಗೆ 'ಜೋ - ತೋ', 'ಜೇವ್ಹಾ - ತೇವ್ಹಾ' ಎಂಬ ಜೋಡಿಗಳೂ ಇವೆ. ಈ ಜೋಡಿಗಳ ಎರಡೂ ಕಡೆ ಪೂರ್ಣಕ್ರಿಯಾಪದ ನಿಲ್ಲುತ್ತದೆ. ಕನ್ನಡದಲ್ಲಿಯೂ 'ಯಾರು ದುಡಿಯುತ್ತಾರೋ ಅವರು ಉಣ್ಣುತ್ತಾರೆ' ಎನ್ನುವುದುಂಟು, ಆದರೆ ದಿನದ ಮಾತಿನಲ್ಲಿ 'ದುಡಿದವರು ಉಣ್ಣುತ್ತಾರೆ' ಎಂಬುದೇ ಹೆಚ್ಚು. ಈಗ ನಾವು ಹಲಗೆಯ ಮೇಲೆ ಮೊದಲು 'ದುಡಿದವರು' ಎಂದು ಬರೆಯುತ್ತೇವೆ. ಅದನ್ನು 'ಯಾರು ದುಡಿಯುತ್ತಾರೋ' ಎಂದು ಬಿಚ್ಚುತ್ತೇವೆ. ಪಕ್ಕದಲ್ಲಿ ಮರಾಠಿಯ 'ಜೇ' ಬರುತ್ತದೆ. ಕೊನೆಗೆ 'ದೋಸ್ ಹೂ ವರ್ಕ್' ಬರುತ್ತದೆ. ಬೆಂಗಳೂರಿನ ಕನ್ನಡ ಮಗುವಿಗೆ ಈ ನಡುವಿನ ಮೆಟ್ಟಿಲು ಇಲ್ಲ. ನಮ್ಮ ಮಗುವಿಗೆ ಇದೆ.

ಗುರುತಿಸಲು ಒಂದು ಪರೀಕ್ಷೆಯನ್ನೂ ಇಟ್ಟುಕೊಂಡಿದ್ದೇವೆ. ಕಾಲವನ್ನು ಬದಲಿಸಿ, ಕರ್ತೃವನ್ನು ಬದಲಿಸಿ; ಒಳಗಿನ ಕ್ರಿಯಾರೂಪ ಅಲುಗಾಡುತ್ತದೆಯೇ ನೋಡಿ. 'ವೆನ್ ಐ ರೀಚ್ ದುಧನಿ' ಎಂಬಲ್ಲಿ 'ಐ' ತೆಗೆದು 'ಹೀ' ಹಾಕಿದರೆ 'ರೀಚ್' ಹೋಗಿ 'ರೀಚಸ್' ಆಗುತ್ತದೆ, ನಿನ್ನೆಯ ಮಾತಾದರೆ 'ರೀಚ್ಡ್' ಆಗುತ್ತದೆ. 'ಆನ್ ರೀಚಿಂಗ್ ದುಧನಿ' ಎಂಬುದು ಯಾರು ಹೋದರೂ ಯಾವಾಗ ಹೋದರೂ ಕದಲುವುದಿಲ್ಲ. ಕದಲಿದರೆ ಕ್ಲಾಸ್, ಕಲ್ಲಿನಂತೆ ಕುಳಿತರೆ ಫ್ರೇಸ್. ಎಂಟನೆಯ ಇಯತ್ತೆಯ ಮಕ್ಕಳು ಇದನ್ನು ಆಟವಾಗಿಸಿಕೊಂಡಿದ್ದಾರೆ.

ಇಂಗ್ಲಿಷ್ ಪಾಠ ಆರಂಭವಾಗುವ ವಯಸ್ಸೂ ಈ ನೂರು ವರ್ಷಗಳಲ್ಲಿ ಬದಲಾಗುತ್ತ ಬಂದಿದೆ. ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯದಲ್ಲಿ ಅದನ್ನು ಎಂಟನೆಯ ಇಯತ್ತೆಗೆ ಮುಂದೂಡಿದರು; ಮುಂದೆ ಐದನೆಯದಕ್ಕೆ ಇಳಿಯಿತು; 2000ದಿಂದ ಮಹಾರಾಷ್ಟ್ರದಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್. 1967ರಲ್ಲಿ ಪುಣೆಯಲ್ಲಿ ಬಾಲಭಾರತಿ ಸ್ಥಾಪನೆಯಾಗಿ, ರಾಜ್ಯದ ಕನ್ನಡ ಮಾಧ್ಯಮದ ಮಕ್ಕಳಿಗೂ ಪುಸ್ತಕಗಳನ್ನು ಕೊಡುತ್ತ ಬಂದಿದೆ. ಬೋಧನೆಯ ಗಾಳಿಯೂ ತಿರುಗಿತು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರು ನಡೆಸಿದ, ಬೆಂಗಳೂರು ಯೋಜನೆಯೆಂದು ಹೆಸರಾದ ಪ್ರಯೋಗ, ಮಗುವಿನ ಗಮನ ಅರ್ಥದ ಮೇಲೆ ಇದ್ದಾಗಲೇ ವ್ಯಾಕರಣ ಮನಸ್ಸಿನಲ್ಲಿ ಇಳಿಯುತ್ತದೆ ಎಂಬ ವಾದವನ್ನು ಮುಂದಿಟ್ಟಿತು. ಪಠ್ಯಪುಸ್ತಕಗಳಿಂದ ಫ್ರೇಸ್ ಮತ್ತು ಕ್ಲಾಸ್‌ಗಳ ಉದ್ದುದ್ದ ಪಟ್ಟಿಗಳು ಕ್ರಮೇಣ ಕರಗಿದವು. ಪ್ರಭು ಅವರ ಮಾತನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಶಾಲೆಯ ಹೊರಗೆ ಇಂಗ್ಲಿಷ್ ಕಿವಿಗೆ ಬೀಳದ ಊರಿನಲ್ಲಿ, ಹದಿಮೂರು ವರ್ಷದ ಮಗುವಿಗೆ ತನ್ನ ತಪ್ಪು ಎಲ್ಲಿಂದ ಬಂತೆಂದು ತೋರಿಸಿದರೆ ಅದರ ಮುಖ ಅರಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ವ್ಯಾಕರಣವನ್ನು ಪೂರ್ತಿ ಕೈಬಿಡಲು ಮನಸ್ಸು ಬಾರದಿರುವುದು ಆ ಕಾರಣಕ್ಕೆ.

ಕೊನೆಯದಾಗಿ ಒಂದು ಉತ್ತರಪತ್ರಿಕೆಯ ವಿಷಯ. ಬಹಳ ವರ್ಷಗಳ ಹಿಂದೆ, ನಾವು ಇಲ್ಲಿ ಪಾಠ ಹೇಳಲು ಆರಂಭಿಸಿದ ಹೊಸತರಲ್ಲಿ, ಹತ್ತನೆಯ ಇಯತ್ತೆಯ ಪೂರ್ವಭಾವಿ ಪರೀಕ್ಷೆಗೆ 'ದ ರೇನ್ ಹ್ಯಾವಿಂಗ್ ಸ್ಟಾಪ್ಡ್, ವೀ ವೆಂಟ್ ಹೋಮ್' ಎಂಬ ವಾಕ್ಯ ಕೊಟ್ಟಿದ್ದೆವು. ಮೊದಲ ಭಾಗ ಫ್ರೇಸೋ ಕ್ಲಾಸೋ ಎಂಬುದು ಪ್ರಶ್ನೆ. ಒಬ್ಬ ಹುಡುಗ ಕ್ಲಾಸ್ ಎಂದು ಬರೆದ. ಪತ್ರಿಕೆ ಮರಳಿಸಿದಾಗ ಎದ್ದು ನಿಂತು, "ಮಳೆ ಅಂತ ಕರ್ತೃ ಬ್ಯಾರೆ ಅದ, ನಾವು ಅಂತ ಕರ್ತೃ ಬ್ಯಾರೆ ಅದ. ನಿಲ್ಲೋದು ಬ್ಯಾರೆ, ಹೋಗೋದು ಬ್ಯಾರೆ. ಒಂದ ವಾಕ್ಯ ಹ್ಯಾಂಗ ಆಗ್ತದ, ಬಾಯಾರ?" ಎಂದು ಕೇಳಿದ. ನಾವು ರೆನ್ ಮತ್ತು ಮಾರ್ಟಿನ್ನನ್ನು ತೆರೆದು ತೋರಿಸಿದೆವು. ಅಲ್ಲಿ ಅದು ಸ್ವತಂತ್ರ ಪದಪುಂಜ. ಹುಡುಗ ಕುಳಿತುಕೊಂಡ.

ಅವನು ಹೇಳಿದ್ದನ್ನು ನಮ್ಮ ಹಳೆಯ ವ್ಯಾಕರಣ ಬಲ್ಲದು. 'ಮಳೆ ನಿಲ್ಲಲು ನಾವು ಮನೆಗೆ ಹೋದೆವು' ಎಂಬಂಥ, ಎರಡು ಕರ್ತೃಗಳು ಎರಡು ಕ್ರಿಯೆಗಳಿರುವ ಈ ರಚನೆಗೆ ಸತಿಸಪ್ತಮಿ ಎಂದು ಹೆಸರಿಟ್ಟು ಕನ್ನಡ ಪಂಡಿತರು ಪ್ರತ್ಯೇಕವಾಗಿಯೇ ನೋಡಿದ್ದರು. ಇಂಗ್ಲಿಷಿನವರೂ ತಮ್ಮ ಗೆರೆಯನ್ನು ಸರಿಸಿದರು. 1985ರಲ್ಲಿ ರ‍್ಯಾಂಡಲ್ಫ್ ಕ್ವರ್ಕ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಬೃಹತ್ ಇಂಗ್ಲಿಷ್ ವ್ಯಾಕರಣದಲ್ಲಿ ಪೂರ್ಣಕ್ರಿಯಾಪದವಿರುವ ಉಪವಾಕ್ಯ, ಅಪೂರ್ಣ ಕ್ರಿಯೆಯ ಉಪವಾಕ್ಯ, ಕ್ರಿಯೆಯೇ ಇಲ್ಲದ ಉಪವಾಕ್ಯ ಎಂದು ಮೂರು ಬಗೆ ಮಾಡಿದ್ದಾರೆ. ಆ ಲೆಕ್ಕದಲ್ಲಿ 'ದ ರೇನ್ ಹ್ಯಾವಿಂಗ್ ಸ್ಟಾಪ್ಡ್' ಉಪವಾಕ್ಯವೇ. ನಾವು ಅವನ ಉತ್ತರಕ್ಕೆ ಕೆಂಪು ಗೆರೆ ಎಳೆದ ದಿನಕ್ಕಾಗಲೇ ಆ ಪುಸ್ತಕ ಬಂದು ಹತ್ತು ವರ್ಷ ಕಳೆದಿತ್ತು. ಮೈಂದರ್ಗಿಗೆ ಮಾತ್ರ ಬಂದಿರಲಿಲ್ಲ. ನಾವು ಅದನ್ನು ನೋಡಿದ್ದು ಸೊಲ್ಲಾಪುರದ ಒಂದು ಗ್ರಂಥಾಲಯದಲ್ಲಿ, ಎಷ್ಟೋ ವರ್ಷಗಳ ತರುವಾಯ.

ಶಾಲೆಯ ಪಠ್ಯ ಇಂದಿಗೂ ಹಳೆಯ ಗೆರೆಯನ್ನೇ ಕಲಿಸುತ್ತದೆ, ಪರೀಕ್ಷೆಗೆ ನಾವೂ ಅದನ್ನೇ ಕಲಿಸುತ್ತೇವೆ. ಆದರೆ ಆ ವಾಕ್ಯ ಬಂದಾಗ ಪಾಠವನ್ನು ಸ್ವಲ್ಪ ನಿಲ್ಲಿಸಿ, ಹೆಸರು ಹೇಳದೆ, ಆ ಹುಡುಗನ ಪ್ರಶ್ನೆಯನ್ನು ತರಗತಿಯ ಮುಂದೆ ಇಡುತ್ತೇವೆ. ಆ ಹುಡುಗ ಇಂದು ಎಲ್ಲಿದ್ದಾನೋ ತಿಳಿಯದು. ಶತಮಾನೋತ್ಸವದ ಆಮಂತ್ರಣ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಹೋಗಿದೆ. ಈ ಸಂಚಿಕೆ ಅವನ ಕೈಗೆ ತಲುಪಿದರೆ, ಆ ಪ್ರಶ್ನೆಯ ಎರಡು ಅಂಕಗಳು ಅವನಿಗೆ ಸಲ್ಲುತ್ತವೆ ಎಂದು ಇಲ್ಲಿ ದಾಖಲಿಸುತ್ತೇವೆ.